ಒಂದೇ ಪುಸ್ತಕ, ಮೂರು ಎಂ.ಎ.

ನಾನು ಇಂಗ್ಲಿಷ್ ಎಂ.ಎ.ಗೆ ಮೂರು ಸಲ ಸೇರಿದವಳು. ಫೇಲಾಗಿ ಅಲ್ಲ. ಒಂದು ಸಲ ಗುಡ್ಡ ಕುಸಿಯಿತು, ಇನ್ನೊಂದು ಸಲ ಕೊರೋನಾ ಬಂತು, ಮೂರನೇ ಸಲ ಅಂತೂ ಮುಗಿಯಿತು. ಮೊದಲನೆಯದು ಒಂದು ಸರ್ಕಾರಿ ವಿಶ್ವವಿದ್ಯಾಲಯದ ರೆಗ್ಯುಲರ್ ಎಂ.ಎ. ಎರಡನೆಯದು ಬೆಂಗಳೂರಿನ ಒಂದು ಖಾಸಗಿ ವಿಶ್ವವಿದ್ಯಾಲಯದ್ದು. ಅಲ್ಲಿ ಇಂಗ್ಲಿಷ್ ಸಾಹಿತ್ಯದ ಜೊತೆ ಕಲ್ಚರಲ್ ಸ್ಟಡೀಸ್ ಸೇರಿಸಿದ್ದರು. ಮೂರನೆಯದು ಮನೆಯಲ್ಲೇ ಕೂತು ಓದಿದ ಇಗ್ನೋ, ಅಂದರೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ ದೂರಶಿಕ್ಷಣ. ಮೊದಲೆರಡರ ಹೆಸರು ಹೇಳುವುದಿಲ್ಲ. ಅಲ್ಲಿ ನಾನು ಅರ್ಧಕ್ಕೇ ಎದ್ದು ಬಂದವಳು, ಹೆಸರು ಹಿಡಿದು ದೂರುವುದು ಸರಿಯಲ್ಲ.

ನಮ್ಮ ಮನೆ ಕೊಡಗಿನ ಮಾದಾಪುರದ ಹತ್ತಿರ. ಏಳೆಕರೆ ಕಾಫಿ, ಜೊತೆಗೆ ಒಂದಿಷ್ಟು ಮೆಣಸು. ಪ್ರತಿ ವರ್ಷ ಮೇ ತಿಂಗಳಲ್ಲಿ ಡಿಗ್ರಿ ಮುಗಿಸಿದ ಹುಡುಗಿಯರು ಯಾರಾದರೂ ಬಂದು ಕೇಳುತ್ತಾರೆ, "ಅಕ್ಕಾ, ಯಾವುದಕ್ಕೆ ಸೇರೋದು?" ಬಾಯಲ್ಲಿ ಹೇಳುವಾಗ ಪ್ರತಿಸಲ ಏನಾದರೂ ಬಿಟ್ಟುಹೋಗುತ್ತದೆ. ಅದಕ್ಕೇ ಬರೆದುಬಿಡೋಣ ಅಂತ ಕೂತೆ.

ನನ್ನ ದೊಡ್ಡಮ್ಮನಿಗೆ ಮಾತ್ರ ಇದು ಇವತ್ತಿಗೂ ಅರ್ಥವಾಗಿಲ್ಲ. ಮೊದಲ ಸಲ ಸೇರಿದಾಗ, "ಎಂತ ಓದ್ತೀಯ ಅಲ್ಲಿ?" ಅಂತ ಕೇಳಿದರು. "ಇಂಗ್ಲಿಷ್ ರೈಟರ್‌ಗಳ ಬಗ್ಗೆ ದೊಡ್ಡಮ್ಮ" ಅಂದೆ. ಅವರು ಸ್ವಲ್ಪ ಹೊತ್ತು ಯೋಚನೆ ಮಾಡಿ, "ಯಾವ ತೋಟದ ರೈಟರ್ ಮಗಾ?" ಅಂದರು. ಕೊಡಗಿನ ಹೊರಗಿನವರಿಗೆ ಇದು ಗೊತ್ತಾಗಲಿಕ್ಕಿಲ್ಲ. ನಮ್ಮಲ್ಲಿ ರೈಟರ್ ಅಂದರೆ ತೋಟದಲ್ಲಿ ಹಾಜರಿ ಹಾಕಿ ಲೆಕ್ಕ ಬರೆಯುವವನು.

ಹೋಲಿಸುವುದಕ್ಕೆ ನನ್ನ ಹತ್ತಿರ ಒಂದು ಒಳ್ಳೆ ಸಾಧನ ಇದೆ. ರಾಜಾ ರಾವ್ ಅವರ 'ಕಾಂತಾಪುರ'ದ ಒಂದು ಹಳೇ ಪ್ರತಿ. 1938ರಲ್ಲಿ ಬಂದ ಇಂಗ್ಲಿಷ್ ಕಾದಂಬರಿ, ಗಾಂಧಿ ಚಳವಳಿ ನಮ್ಮ ಕಡೆಯ ಒಂದು ಹಳ್ಳಿಗೆ ಬಂದ ಕಥೆ. ಮೂರೂ ಕಡೆ ಅದು ಪಠ್ಯವಾಗಿತ್ತು, ಮೂರೂ ಕಡೆ ಇದೇ ಪ್ರತಿಯಲ್ಲಿ ಓದಿದೆ. ಮೊದಲ ಸಲದ ಟಿಪ್ಪಣಿ ಪೆನ್ಸಿಲಿನಲ್ಲಿದೆ, ಬೆಂಗಳೂರಿನದು ಹಸಿರು ಪೆನ್ನಿನಲ್ಲಿ, ಇಗ್ನೋದು ನೀಲಿಯಲ್ಲಿ. ಆ ಕಾದಂಬರಿಯಲ್ಲಿ ಸ್ಕೆಫಿಂಗ್ಟನ್ ಅಂತ ಒಂದು ಕಾಫಿ ಎಸ್ಟೇಟ್ ಬರುತ್ತದೆ. ಘಟ್ಟದ ಕೆಳಗಿನಿಂದ ಕೂಲಿಗಳು ಗುಂಪುಗುಂಪಾಗಿ ಅಲ್ಲಿಗೆ ಬರುತ್ತಾರೆ. ಆ ಪುಟದ ಅಂಚಿನಲ್ಲಿ ಈಗ ಮೂರು ಬಣ್ಣ ಇದೆ.

ಪೆನ್ಸಿಲಿನಲ್ಲಿ ಹೀಗಿದೆ: "ಉದ್ದ ವಾಕ್ಯ. 'ಆಂಡ್' ಎಣಿಸು."

ಅದರ ಕಥೆ ಇದು. ನಮಗೆ ಆ ಕಾದಂಬರಿ ಪಾಠ ಮಾಡಿದ ಮೇಷ್ಟ್ರು ನೋಟ್ಸ್ ಕೊಡುತ್ತಿರಲಿಲ್ಲ. ಒಂದು ದಿನ ಒಂದೇ ಪ್ಯಾರಾ ಜೋರಾಗಿ ಓದಿದರು. ಆಮೇಲೆ, ಇದರಲ್ಲಿ 'ಆಂಡ್' ಅನ್ನೋ ಪದ ಎಷ್ಟು ಸಲ ಬಂತು ಎಣಿಸಿ ಅಂದರು. ನಾವು ಮಕ್ಕಳ ಹಾಗೆ ಬೆರಳಿಟ್ಟು ಎಣಿಸಿದೆವು. "ನಿಮ್ಮ ಅಜ್ಜಿ ಕಥೆ ಹೇಳುವಾಗ ಎಷ್ಟು ಸಲ 'ಆಮೇಲೆ' ಅಂತಾರೆ?" ಅಂತ ಕೇಳಿದರು. ಇಡೀ ಕ್ಲಾಸ್ ಸುಮ್ಮನಾಯಿತು. ಕಥೆ ಹೇಳುತ್ತಿರುವುದು ಅಚ್ಚಕ್ಕ ಅನ್ನೋ ಮುದುಕಿ, ಇಂಗ್ಲಿಷು ಅವಳ ಉಸಿರಿಗೆ ತಕ್ಕ ಹಾಗೆ ಬಗ್ಗಿದೆ ಅನ್ನುವುದು ಆ ಒಂದು ಗಂಟೆಯಲ್ಲಿ ತಲೆಗೆ ಹೋಯಿತು. ಅದನ್ನೇ ಗೈಡಿನಲ್ಲಿ ಎರಡು ಪುಟ ಓದಿದ್ದೆ. ಒಂದಕ್ಷರ ಉಳಿದಿರಲಿಲ್ಲ.

ರೆಗ್ಯುಲರ್ ಎಂ.ಎ. ಅಂದರೆ ನನಗೆ ಆ ಗಂಟೆ. ಮತ್ತೆ ಲೈಬ್ರರಿ. ಡಿಪಾರ್ಟ್‌ಮೆಂಟಿನ ಲೈಬ್ರರಿಯಲ್ಲಿ ಕಪಾಟಿನ ಮುಂದೆ ನಿಂತುಕೊಂಡು, ಬೇಕಾದ ಪುಸ್ತಕ ಹುಡುಕುತ್ತಾ ಬೇಡದ ನಾಲ್ಕು ಪುಸ್ತಕ ಓದುವ ಸುಖ ಆಮೇಲೆ ಎಲ್ಲೂ ಸಿಗಲಿಲ್ಲ. ಫೀಸು ಕಡಿಮೆ, ಹಾಸ್ಟೆಲ್ ಊಟ ಕಡಿಮೆ ಖರ್ಚಿನದು. ಸಿಲೆಬಸ್ ಹದಿನಾಲ್ಕನೇ ಶತಮಾನದ ಕವಿ ಚಾಸರನಿಂದ ಶುರುವಾಗಿ ಶತಮಾನದ ಮೇಲೆ ಶತಮಾನ ಮೆಟ್ಟಿಲು ಹತ್ತಿದ ಹಾಗೆ ಹೋಗುತ್ತದೆ. ಬೋರು ಅಂತ ಆಗ ಬೈದೆವು. ಅಡಿಪಾಯ ಬಿದ್ದಿದ್ದು ಅಲ್ಲೇ ಅಂತ ಆಮೇಲೆ ಗೊತ್ತಾಯಿತು.

ಹಾಗಂತ ಎಲ್ಲ ಗಂಟೆಯೂ ಹಾಗಿರಲಿಲ್ಲ. ಕಾಯಂ ಮೇಷ್ಟ್ರುಗಳು ಕಡಿಮೆ, ಅತಿಥಿ ಉಪನ್ಯಾಸಕರೇ ಜಾಸ್ತಿ. ಅವರು ಪಾಪ, ಸಂಬಳ ಯಾವಾಗ ಬರುತ್ತೋ ಅಂತ ಕಾಯುತ್ತಾ ಪಾಠ ಮಾಡುತ್ತಿದ್ದರು. ಒಂದು ಪೇಪರಿಗೆ ಅರ್ಧ ಸೆಮಿಸ್ಟರ್ ಯಾರೂ ಇರಲಿಲ್ಲ. ಪರೀಕ್ಷೆಗೆ ಐದು ವರ್ಷದ ಹಳೇ ಪ್ರಶ್ನೆಪತ್ರಿಕೆ ಇಟ್ಟುಕೊಂಡರೆ ಸಾಕಿತ್ತು. 'ಆಂಡ್' ಎಣಿಸಿದ್ದಕ್ಕೆ ಅಲ್ಲಿ ಮಾರ್ಕ್ಸ್ ಇರಲಿಲ್ಲ.

ಸೇರಿ ಮೂರು ವಾರವೂ ಆಗಿರಲಿಲ್ಲ, 2018ರ ಆಗಸ್ಟ್ ಮಳೆ ಹಿಡಿಯಿತು. ಮಕ್ಕಂದೂರು, ಹಟ್ಟಿಹೊಳೆ ಕಡೆ ಗುಡ್ಡಕ್ಕೆ ಗುಡ್ಡವೇ ಜಾರಿತು. ಮಡಿಕೇರಿಯಿಂದ ಸೋಮವಾರಪೇಟೆಗೆ ಹೋಗುವ ನಮ್ಮ ರಸ್ತೆ ಇರಲೇ ಇಲ್ಲ. ಎರಡು ದಿನ ಮನೆಗೆ ಫೋನೂ ಸಿಗಲಿಲ್ಲ. ನಮ್ಮ ಮನೆ ಉಳಿಯಿತು, ಹಿಂದಿನ ಒಂದು ಎಕರೆ ಅರೇಬಿಕಾ ಹೊಳೆ ಪಾಲಾಯಿತು. ಅಪ್ಪ ಅವ್ವ ಪರಿಹಾರ ಕೇಂದ್ರದಲ್ಲಿದ್ದರು. ಹೇಗೋ ಮೊದಲ ಸೆಮಿಸ್ಟರ್ ಪರೀಕ್ಷೆ ಬರೆದು ಬಂದವಳು ಮತ್ತೆ ಹೋಗಲಿಲ್ಲ. ಅಪ್ಪ ಹೋಗು ಅಂದರು. ಅವ್ವ ಏನೂ ಹೇಳಲಿಲ್ಲ. ಅವ್ವ ಏನೂ ಹೇಳದಿದ್ದರೆ ಅದರರ್ಥ ಬೇರೆ.

ಮುಂದಿನ ವರ್ಷ ಮಾವ ದುಡ್ಡು ಕೊಡುತ್ತೇನೆ ಅಂದರು. ಬೆಂಗಳೂರಿಗೆ ಹೋದೆ.

ಹಸಿರು ಪೆನ್ನಿನಲ್ಲಿ ಅದೇ ಪುಟದಲ್ಲಿ ಹೀಗಿದೆ: "ಬುಟ್ಟಿ ಎಣಿಸುವವರು ಯಾರು?"

ಅಲ್ಲಿ ಯಾರೂ ವಾಕ್ಯದ ಉದ್ದ ನೋಡಲಿಲ್ಲ. ಮೇಡಂ ಕೇಳಿದ ಪ್ರಶ್ನೆಗಳೇ ಬೇರೆ. ಊರಿನ ಕಥೆ ಅಚ್ಚಕ್ಕ ಹೇಳುತ್ತಾಳೆ, ಸರಿ. ಎಸ್ಟೇಟಿನ ಕೂಲಿಯ ಕಥೆ ಯಾರು ಹೇಳುತ್ತಾರೆ? ಅವನಿಗೆ ಹೆಸರಿದೆಯಾ? ಅವನ ಲೆಕ್ಕ ಯಾರ ಪುಸ್ತಕದಲ್ಲಿದೆ? ನಾನು ಹುಟ್ಟಿದ್ದೇ ತೋಟದಲ್ಲಿ. ಈ ಪ್ರಶ್ನೆ ನನಗೆ ಒಂದು ಸಲವೂ ಹೊಳೆದಿರಲಿಲ್ಲ. ನಾಚಿಕೆಯಾಯಿತು.

ಕಲ್ಚರಲ್ ಸ್ಟಡೀಸ್ ಅಂದರೆ ಏನು ಅಂತ ಕೇಳುವವರಿಗೆ ಸುಲಭವಾಗಿ ಹೇಳುವುದಾದರೆ ಇಷ್ಟು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ 1964ರಲ್ಲಿ ಇದಕ್ಕೇ ಅಂತ ಒಂದು ಕೇಂದ್ರ ಶುರುವಾಯಿತು. ರಿಚರ್ಡ್ ಹೊಗಾರ್ಟ್ ಕಟ್ಟಿದ್ದು, ಆಮೇಲೆ ಸ್ಟುವರ್ಟ್ ಹಾಲ್ ಬೆಳೆಸಿದ್ದು. ದೊಡ್ಡ ಕವಿಗಳ ಪುಸ್ತಕದಷ್ಟೇ ಗಮನ ಕೊಟ್ಟು ಟಿವಿ, ಜಾಹೀರಾತು, ಬಟ್ಟೆ, ಊಟ, ಫುಟ್‌ಬಾಲ್ ಎಲ್ಲವನ್ನೂ ಓದಬಹುದು ಅಂದರು. ಯಾರು ಮಾಡಿದ್ದು, ಯಾರಿಗೆ ಮಾಡಿದ್ದು, ಯಾರನ್ನು ಬಿಟ್ಟು ಮಾಡಿದ್ದು, ಇಷ್ಟು ಕೇಳಿಕೊಂಡು ನೋಡುವುದು.

ನಮಗೆ ಒಂದು ಅಸೈನ್‌ಮೆಂಟ್ ಇತ್ತು. ನಿಮ್ಮ ಊರಿನ ಒಂದು ಬೋರ್ಡಿನ ಫೋಟೋ ತಂದು ಅದನ್ನು ಓದಿ. ದಸರಾ ರಜೆಗೆ ಬಂದಾಗ ಮಡಿಕೇರಿ ರಸ್ತೆಯಲ್ಲಿ ಒಂದು ಹೋಂಸ್ಟೇ ಬೋರ್ಡಿನ ಫೋಟೋ ತೆಗೆದೆ. ಮಂಜು, ಹಸಿರು ಗುಡ್ಡ, ಕೊಡವರ ಉಡುಪು ಕುಪ್ಯ ಚೇಲೆ ಹಾಕಿ, ಸೊಂಟಕ್ಕೆ ಪೀಚೆಕತ್ತಿ ಸಿಕ್ಕಿಸಿಕೊಂಡ ಒಬ್ಬ ಯಜಮಾನ, ಕೆಳಗೆ 'ಭಾರತದ ಸ್ಕಾಟ್ಲೆಂಡ್' ಅಂತ ಬರಹ. ಇಪ್ಪತ್ತು ವರ್ಷದಿಂದ ಅಂಥ ಬೋರ್ಡ್ ನೋಡಿದ್ದೇನೆ. ಅವತ್ತು ಟೇಬಲ್ ಮೇಲೆ ಇಟ್ಟುಕೊಂಡು ನೋಡಿದಾಗ ಕಾಣದೇ ಇರುವವರು ಕಂಡರು. ಕಾಫಿ ಹಣ್ಣು ಕುಯ್ಯುವ ಯರವ ಬುಡಕಟ್ಟಿನ ಹೆಂಗಸು ಅದರಲ್ಲಿ ಇಲ್ಲ. ಕೂಲಿಯವರು ಇರುವ ಲೈನ್ ಮನೆ ಇಲ್ಲ. ಅಸ್ಸಾಮಿನಿಂದ ಬಂದ ಹುಡುಗರು ಇಲ್ಲ. ನಮ್ಮಂಥ ಏಳೆಕರೆಯವರೂ ಇಲ್ಲ ಬಿಡಿ. ಸ್ಕಾಟ್ಲೆಂಡ್ ಯಾಕೆ ಬಂತು ಅಂತ ಹುಡುಕಲು ಹೋಗಿ ಬ್ರಿಟಿಷ್ ಪ್ಲಾಂಟರುಗಳ ಕಾಲಕ್ಕೆ ಹೋಗಿ ಮುಟ್ಟಿದೆ. ಹನ್ನೆರಡು ಪುಟ ಬರೆದೆ. ನನ್ನ ಜೀವನದಲ್ಲಿ ಬರೆದ ಮೊದಲ ಸ್ವಂತ ಬರಹ ಅದು.

ಇನ್ನೊಂದು ತಮಾಷೆ. ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಕೊಡವರ ಬಗ್ಗೆ ಬರೆದ ಪುಸ್ತಕ 1952ರಲ್ಲಿ ಬಂದಿದ್ದು. ಕೆಳಗಿನ ಜಾತಿಯವರು ಮೇಲಿನವರ ಆಚಾರ ಹಿಡಿದು ಮೇಲೇರುವುದಕ್ಕೆ 'ಸಂಸ್ಕೃತೀಕರಣ' ಅಂತ ಈಗ ಎಲ್ಲರೂ ಬಳಸುವ ಮಾತು ಅದರಿಂದಲೇ ಹೆಸರಾಗಿದ್ದು. ನಮ್ಮ ಜಿಲ್ಲೆಯ ಹಬ್ಬ, ಮನೆ, ಮದುವೆ ನೋಡಿ ಬರೆದ ಪುಸ್ತಕ. ಅದರ ಹೆಸರು ನಾನು ಮೊದಲು ಕೇಳಿದ್ದು ಬೆಂಗಳೂರಿನ ಆರನೇ ಮಹಡಿಯ ಏಸಿ ಕ್ಲಾಸಿನಲ್ಲಿ!

ಪಾಠ ಅಂತ ನೋಡಿದರೆ ಮೂರರಲ್ಲಿ ಇದೇ ಮೇಲು. ಇದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಎರಡು ವಿಷಯ ಮೊದಲೇ ಗೊತ್ತಿರಲಿ. ಒಂದು, ಅಲ್ಲಿ ಓದುವುದು ಜಾಸ್ತಿ ಜೆರಾಕ್ಸ್ ಹಾಳೆ. ಒಂದು ಪುಸ್ತಕದ ಮೂರನೇ ಅಧ್ಯಾಯ, ಇನ್ನೊಂದರ ಪೀಠಿಕೆ. ಎರಡು ಸೆಮಿಸ್ಟರಿನಲ್ಲಿ ಪೂರ್ತಿ ಓದಿದ ನಾಟಕ ಒಂದೂ ಇಲ್ಲ. ಕವಿತೆ ಅಂತೂ ಕೇಳಲೇಬೇಡಿ. ಚಾಸರ್‌ನಿಂದ ಬಂದ ನನಗೆ ಹೇಗೋ ನಡೆಯಿತು. ಬಿ.ಎ. ಮುಗಿಸಿ ಸೀದಾ ಅಲ್ಲಿಗೆ ಬಂದವರು ಥಿಯರಿ ಮಾತು ಅರಳು ಹುರಿದ ಹಾಗೆ ಆಡುತ್ತಿದ್ದರು, ಒಂದು ಕವಿತೆ ಕೈಗೆ ಕೊಟ್ಟರೆ ಎಲ್ಲಿಂದ ಹಿಡಿಯಬೇಕು ಅಂತ ಗೊತ್ತಾಗುತ್ತಿರಲಿಲ್ಲ.

ಎರಡನೆಯದು ದುಡ್ಡು. ವರ್ಷದ ಫೀಸೇ ಲಕ್ಷದ ಹತ್ತಿರ, ಅದರ ಮೇಲೆ ಪಿಜಿ ಬಾಡಿಗೆ. 2020ರ ಮಾರ್ಚ್‌ನಲ್ಲಿ ಎಲ್ಲ ಮುಚ್ಚಿತು. ಗಂಟುಮೂಟೆ ಕಟ್ಟಿಕೊಂಡು ಊರಿಗೆ ಬಂದೆ. ಮೂರನೇ ಸೆಮಿಸ್ಟರ್ ಆನ್‌ಲೈನ್. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ಕಣ ದಾಟಿ ಮೇಲೆ ಹೋದರೆ ಒಂದು ಹಲಸಿನ ಮರದ ಕೆಳಗೆ ಎರಡು ಕಡ್ಡಿ ಸಿಗುತ್ತದೆ. ಜುಲೈ ಮಳೆಯಲ್ಲಿ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಫೋನು, ಕಾಲಿಗೆ ಜಿಗಣೆ. ಆ ಕಡೆಯಿಂದ "ಪ್ಲೀಸ್ ಕ್ಯಾಮೆರಾ ಆನ್ ಮಾಡಿ, ಇಲ್ಲದಿದ್ದರೆ ಅಟೆಂಡೆನ್ಸ್ ಇಲ್ಲ." ಕ್ಯಾಮೆರಾ ಆನ್ ಮಾಡಿದರೆ ಲೈನೇ ಹೋಗುತ್ತಿತ್ತು. ಅವತ್ತು ಚರ್ಚೆಯಾಗುತ್ತಿದ್ದ ವಿಷಯ ಏನು ಗೊತ್ತಾ? ಡಿಜಿಟಲ್ ಅಸಮಾನತೆ. ನಗು ಬಂತು, ಆಮೇಲೆ ಅಳು ಬಂತು. ಮುಂದಿನ ಕಂತು ಕಟ್ಟಲಿಲ್ಲ.

ಒಂದು ವರ್ಷ ಸುಮ್ಮನಿದ್ದೆ. ಹತ್ತಿರದ ಶಾಲೆಯೊಂದರಲ್ಲಿ ಮಕ್ಕಳಿಗೆ ಇಂಗ್ಲಿಷ್ ಪಾಠ ಮಾಡಿಕೊಂಡಿದ್ದೆ. 2021ರ ಜುಲೈ ಸೆಷನ್‌ಗೆ ಇಗ್ನೋ ಅರ್ಜಿ ಹಾಕಿದೆ. ಎರಡು ವರ್ಷಕ್ಕೂ ಸೇರಿ ಕಟ್ಟಿದ್ದು ಇಪ್ಪತ್ತು ಸಾವಿರ ಮುಟ್ಟಲಿಲ್ಲ.

ನಾನು ಓದಿದಾಗ ಅದರ ಲೆಕ್ಕ ಹೀಗಿತ್ತು. ಒಟ್ಟು 64 ಕ್ರೆಡಿಟ್, ಎಂಟು ಪೇಪರ್. ಮೊದಲ ವರ್ಷದ ನಾಲ್ಕೂ ಕಡ್ಡಾಯ: ಬ್ರಿಟಿಷ್ ಕವಿತೆ, ನಾಟಕ, ಕಾದಂಬರಿ, ಭಾಷಾವಿಜ್ಞಾನ. ಎರಡನೇ ವರ್ಷ ವಿಮರ್ಶೆ ಕಡ್ಡಾಯ, ಉಳಿದ ಮೂರು ನಮ್ಮ ಆಯ್ಕೆ. ನಾನು ಭಾರತೀಯ ಇಂಗ್ಲಿಷ್ ಸಾಹಿತ್ಯ, ಭಾರತದಲ್ಲಿ ಇಂಗ್ಲಿಷ್ ಅಧ್ಯಯನ, ಮತ್ತೆ ಅನುವಾದದಲ್ಲಿ ಭಾರತೀಯ ಸಾಹಿತ್ಯ ತಗೊಂಡೆ. ಕೊನೆಯದರಲ್ಲಿ 'ಸಂಸ್ಕಾರ' ಇತ್ತು. ಪಿಯುಸಿಯಲ್ಲಿ ಕನ್ನಡದಲ್ಲಿ ಓದಿದ್ದನ್ನು ಎ. ಕೆ. ರಾಮಾನುಜನ್ ಅವರ ಇಂಗ್ಲಿಷಿನಲ್ಲಿ ಓದಿ, ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಒಂದು ವಾರ ಕಳೆದೆ. ಪರೀಕ್ಷೆಗೆ ಅದರಿಂದ ಏನೂ ಉಪಯೋಗವಾಗಲಿಲ್ಲ. ಆ ವಾರ ಚೆನ್ನಾಗಿತ್ತು ಅಷ್ಟೇ.

ಕಾದಂಬರಿ ಪೇಪರ್ ಒಂದರಲ್ಲೇ ಒಂಬತ್ತು ಕಾದಂಬರಿ. ಅದನ್ನು ಹಗುರವಾಗಿ ತಗೊಳ್ಳಬೇಡಿ. ಕೆಲವಂತೂ ತುಂಬಾ ದಪ್ಪ. ಸ್ಟಡಿ ಮೆಟೀರಿಯಲ್ ಚೆನ್ನಾಗಿದೆ, ಅದು ನಿಜ. ಬ್ಲಾಕ್ ಅಂತ ಕರೆಯುವ ತೆಳು ಪುಸ್ತಕಗಳು, ಇಗ್ನೋದ ವೆಬ್‌ಸೈಟ್ ಇ-ಜ್ಞಾನಕೋಶದಲ್ಲಿ ಪಿಡಿಎಫ್ ಆಗಿಯೂ ಸಿಗುತ್ತವೆ, ಯಾರು ಬೇಕಾದರೂ ಓದಬಹುದು. ಅದೇ ಅಪಾಯ ಕೂಡ. ಬ್ಲಾಕ್ ಓದಿದರೆ ಉತ್ತರ ಬರೆಯಬಹುದು, ಮೂಲ ಪುಸ್ತಕ ಮುಟ್ಟುವುದೇ ಬೇಡ. ನಾನೂ ಮೂರು ಕಾದಂಬರಿ ಹಾಗೇ ದಾಟಿಸಿದೆ. ಯಾವುವು ಅಂತ ಕೇಳಬೇಡಿ.

ನೀಲಿ ಪೆನ್ನಿನ ಟಿಪ್ಪಣಿ ಆ ಪುಟದಲ್ಲಿ ಹೀಗಿದೆ: "20 ಮಾರ್ಕ್. ಗಾಂಧಿ + ಎಸ್ಟೇಟ್. ಮೂರು ಪಾಯಿಂಟ್."

ನೋಡಿದರೆ ಬೇಜಾರಾಗುತ್ತದೆ. ಆದರೆ ಡಿಗ್ರಿ ಕೈಗೆ ಬಂದಿದ್ದು ಈ ನೀಲಿ ಶಾಯಿಯಿಂದ.

ಇಗ್ನೋದಲ್ಲಿ ಓದುವುದಕ್ಕಿಂತ ಕಷ್ಟ ಕ್ಯಾಲೆಂಡರ್. ಪರೀಕ್ಷೆ ವರ್ಷಕ್ಕೆ ಎರಡು ಸಲ, ಜೂನ್ ಮತ್ತು ಡಿಸೆಂಬರ್. ತೋಟದವರಿಗೆ ಇದು ಏನು ಅಂತ ಹೇಳಬೇಕಾಗಿಲ್ಲ. ಡಿಸೆಂಬರ್ ಅಂದರೆ ಅರೇಬಿಕಾ ಕೊಯ್ಲು. ಆಳು ಸಿಗುವುದಿಲ್ಲ, ಮನೆಯವರೆಲ್ಲ ಗಿಡದ ಕೆಳಗೆ. ಜೂನ್ ಅಂದರೆ ಮಳೆ, ಪರೀಕ್ಷೆ ಬರೆಯಲು ಮೈಸೂರಿಗೆ ಬಸ್ಸು ಇದೆಯೋ ಇಲ್ಲವೋ. ಜೂನ್ ಪರೀಕ್ಷೆಗೆ ಅಸೈನ್‌ಮೆಂಟ್ ಕೊಡುವ ಗಡುವು ಸಾಮಾನ್ಯವಾಗಿ ಮಾರ್ಚ್ ಕೊನೆ. ಅದು ಕಾಫಿ ಹೂ ಅರಳಿಸುವ ಹೂಮಳೆ ಬರದಿದ್ದರೆ ರಾತ್ರಿಯೆಲ್ಲ ಪೈಪ್ ಎಳೆದು ಸ್ಪ್ರಿಂಕ್ಲರ್ ಹಾಕುವ ಕಾಲ. ಮೋಟಾರಿನ ಶೆಡ್ಡಿನಲ್ಲಿ ಕೂತು, ಅರ್ಧರಾತ್ರಿ ಟಾರ್ಚ್ ಬೆಳಕಲ್ಲಿ 'ಹ್ಯಾಮ್ಲೆಟ್' ಬಗ್ಗೆ ಕೈಯಲ್ಲಿ ಬರೆದಿದ್ದೇನೆ. ಹೌದು, ಎಲ್ಲವೂ ಕೈಯಲ್ಲೇ ಬರೆಯಬೇಕು. ಒಂದು ಸಲ ಬರೆದಿಟ್ಟ ಹಾಳೆಯ ಮೇಲೆ ಅಪ್ಪ ಗ್ರೀಸ್ ಹತ್ತಿದ ಸ್ಪ್ಯಾನರ್ ಇಟ್ಟಿದ್ದರು. ಮತ್ತೆ ಎಂಟು ಪುಟ ಬರೆದೆ.

ಒಂದು ಸಮಾಧಾನ ಇದೆ. ಎರಡು ವರ್ಷದ ಕೋರ್ಸನ್ನು ನಾಲ್ಕು ವರ್ಷದವರೆಗೆ ಎಳೆಯಬಹುದು. ಜೂನ್‌ನಲ್ಲಿ ಎರಡು ಪೇಪರ್, ಡಿಸೆಂಬರ್‌ನಲ್ಲಿ ಎರಡು ಅಂತ ಹಂಚಿಕೊಳ್ಳಬಹುದು. ಗುಡ್ಡ ಕುಸಿದರೂ ಡಿಗ್ರಿ ಕುಸಿಯುವುದಿಲ್ಲ. ರೆಗ್ಯುಲರ್‌ನಲ್ಲಿ ಈ ಸಡಿಲ ಇಲ್ಲ.

ಇನ್ನು ಕೆಲಸದ ಮಾತು, ಎಲ್ಲರೂ ಕೊನೆಗೆ ಕೇಳುವುದು ಅದನ್ನೇ. ಇಗ್ನೋದಲ್ಲಿ ಪಾಸಾಗಲು ಶೇಕಡಾ 40 ಸಾಕು. ಅಸೈನ್‌ಮೆಂಟ್‌ಗೆ 30, ಪರೀಕ್ಷೆಗೆ 70 ಅಂತ ಲೆಕ್ಕ ಹಾಕುತ್ತಾರೆ. ಆದರೆ ಲೆಕ್ಚರರ್ ಆಗಲು ಅರ್ಹತಾ ಪರೀಕ್ಷೆ, ಅಂದರೆ ದೇಶಮಟ್ಟದ ನೆಟ್ ಅಥವಾ ನಮ್ಮ ರಾಜ್ಯದ ಕೆಸೆಟ್, ಬರೆಯಬೇಕಾದರೆ ಎಂ.ಎ.ಯಲ್ಲಿ ಶೇಕಡಾ 55 ಬೇಕು, ಮೀಸಲಾತಿ ಇದ್ದವರಿಗೆ 50. ನನ್ನ ಗೆಳತಿಯೊಬ್ಬಳು 52ಕ್ಕೆ ನಿಂತಳು. ಪಾಸಾಯಿತಲ್ಲ ಅಂತ ಸ್ವೀಟ್ ಹಂಚಿದ ಮೇಲೆ ಈ ನಿಯಮ ಗೊತ್ತಾಯಿತು. ಆದ್ದರಿಂದ ಅಸೈನ್‌ಮೆಂಟ್ ಅಂದರೆ ಸುಮ್ನೆ ಗೀಚುವುದಲ್ಲ, ಅಲ್ಲೇ ಮಾರ್ಕ್ಸ್ ಕೂಡಿಹಾಕಬೇಕು. ದೂರಶಿಕ್ಷಣದ ಡಿಗ್ರಿಗೆ ಬೆಲೆ ಇದೆಯಾ ಅಂತಲೂ ಕೇಳುತ್ತಾರೆ. ವಿಶ್ವವಿದ್ಯಾಲಯಗಳನ್ನು ನೋಡಿಕೊಳ್ಳುವ ಕೇಂದ್ರದ ಆಯೋಗ ಯುಜಿಸಿ ಒಪ್ಪಿದ ವಿಶ್ವವಿದ್ಯಾಲಯದ, ಒಪ್ಪಿದ ಕೋರ್ಸ್ ಆದರೆ ಅದು ರೆಗ್ಯುಲರ್‌ಗೆ ಸಮ. ಸೇರುವ ವರ್ಷದ ಪಟ್ಟಿಯಲ್ಲಿ ಆ ಕೋರ್ಸ್ ಇದೆಯಾ ಅಂತ ನೀವೇ ನೋಡಿಕೊಳ್ಳಿ, ಏಜೆಂಟ್ ಹೇಳಿದ ಅಂತ ದುಡ್ಡು ಕಟ್ಟಬೇಡಿ. ಮೈಸೂರಿನ ಮುಕ್ತ ವಿಶ್ವವಿದ್ಯಾಲಯ ನಮಗೆ ಇನ್ನೂ ಹತ್ತಿರ. ನಡುವೆ ಕೆಲವು ವರ್ಷ ಅದರ ಮಾನ್ಯತೆಯ ಗೊಂದಲ ಇತ್ತು, 2018ರಲ್ಲಿ ಸರಿಹೋಯಿತು. ನಾನು ಅಲ್ಲಿ ಓದಿಲ್ಲ, ಹಾಗಾಗಿ ಹೆಚ್ಚು ಮಾತಾಡುವುದಿಲ್ಲ. 2023ರಿಂದ ಚಿಕ್ಕ ಅಳುವಾರದಲ್ಲಿ ಕೊಡಗು ವಿಶ್ವವಿದ್ಯಾಲಯವೂ ಇದೆ. ಆಯಾ ವರ್ಷ ಯಾವ ವಿಷಯಕ್ಕೆ ಪ್ರವೇಶ ಕರೆದಿದ್ದಾರೆ ಅಂತ ಮೊದಲು ವಿಚಾರಿಸಿ, ಆಮೇಲೆ ದೂರದ ಬಸ್ಸು ಹತ್ತಿ.

ನೆಟ್‌ಗೆ ಓದುವಾಗ ಒಂದು ವಿಚಿತ್ರ ಕಂಡೆ. ಇಂಗ್ಲಿಷ್ ಸಿಲೆಬಸ್‌ನಲ್ಲಿ ಹತ್ತು ಯೂನಿಟ್ ಇವೆ, ಏಳನೆಯದೇ ಕಲ್ಚರಲ್ ಸ್ಟಡೀಸ್. ನಾಟಕ, ಕವಿತೆ, ಕಾದಂಬರಿಗೆ ನೀಲಿ ಶಾಯಿ ಸಾಕಾಯಿತು. ಏಳನೇ ಯೂನಿಟ್‌ಗೆ ಹಸಿರು ಶಾಯಿಯ ಹಳೇ ನೋಟ್‌ಬುಕ್ ಹುಡುಕಿ ತೆಗೆದೆ. ಆ ಎರಡು ಸೆಮಿಸ್ಟರಿನ ದುಡ್ಡು ಪೂರ್ತಿ ಮಣ್ಣು ಪಾಲಾಗಿರಲಿಲ್ಲ ಅಂತ ಮಾವನಿಗೆ ಫೋನ್ ಮಾಡಿ ಹೇಳಿದೆ. ಕೆಸೆಟ್ ಇನ್ನೂ ಆಗಿಲ್ಲ, ಅದು ಬೇರೆ ಮಾತು.

ಅಷ್ಟು ದುಡ್ಡಿಲ್ಲದವರು ಕಲ್ಚರಲ್ ಸ್ಟಡೀಸ್ ರುಚಿ ನೋಡಬೇಕಾದರೆ ಎನ್‌ಪಿಟಿಇಎಲ್ ಇದೆ. ಐಐಟಿ ಮೇಷ್ಟ್ರುಗಳ ಆನ್‌ಲೈನ್ ಪಾಠ, ನೋಡುವುದಕ್ಕೆ ದುಡ್ಡಿಲ್ಲ. ಸರ್ಟಿಫಿಕೇಟ್ ಬೇಕಾದರೆ ಮಾತ್ರ ಪರೀಕ್ಷೆಗೆ ಸಾವಿರ ರೂಪಾಯಿ ಕಟ್ಟಿ ಬರೆಯಬೇಕು. ನಾನು ಹನ್ನೆರಡು ವಾರದ್ದೊಂದು ಮುಗಿಸಿದೆ. ವೀಡಿಯೋ ಡೌನ್‌ಲೋಡ್ ಮಾಡಿಕೊಂಡು ಬಂದು ಮನೆಯಲ್ಲಿ ನೋಡಬಹುದು, ಹಲಸಿನ ಮರದ ಕೆಳಗೆ ನಿಲ್ಲಬೇಕಾಗಿಲ್ಲ. ಆದರೆ ಅಲ್ಲಿ ನಿಮ್ಮ ಹೋಂಸ್ಟೇ ಬೋರ್ಡನ್ನು ಕೈಗೆ ತಗೊಂಡು "ಇದರಲ್ಲಿ ಯಾರಿಲ್ಲ?" ಅಂತ ಕೇಳುವವರು ಇರುವುದಿಲ್ಲ.

ಹಾಗಾದರೆ ಯಾವುದಕ್ಕೆ ಸೇರೋದು? ಮನೆಯಲ್ಲಿ ಇನ್ನೊಬ್ಬರು ದುಡಿಯುವವರಿದ್ದು, ಎರಡು ವರ್ಷ ಹೊರಗಿರಲು ಬಿಡುತ್ತಾರೆ ಅಂದರೆ ಸರ್ಕಾರಿ ರೆಗ್ಯುಲರ್‌ಗೆ ಹೋಗಿ. ಮೇಷ್ಟ್ರು ಎಲ್ಲರೂ ಒಳ್ಳೆಯವರು ಸಿಗುವುದಿಲ್ಲ, ಒಬ್ಬರು ಸಿಗುತ್ತಾರೆ, ಅಷ್ಟು ಸಾಕು. ಖಾಸಗಿ ಕೋರ್ಸಿಗೆ ಸಾಲ ಮಾಡಿ ಹೋಗಬೇಡಿ, ಅದರಲ್ಲೂ ಕಾಫಿ ರೇಟ್ ನಂಬಿಕೊಂಡು ಖಂಡಿತ ಬೇಡ. ತೋಟ ಬಿಟ್ಟು ಬರಲು ಆಗುವುದೇ ಇಲ್ಲ ಅನ್ನುವವರಿಗೆ ಇಗ್ನೋ, ಆದರೆ ಜೊತೆಗೆ ಓದುವವರು ಒಬ್ಬರಾದರೂ ಇರಲಿ. ಒಬ್ಬರೇ ಓದಿದರೆ ನೀಲಿ ಶಾಯಿ ಮಾತ್ರ ಉಳಿಯುತ್ತದೆ.

ಈ ವರ್ಷ ಕೇಳಲು ಬಂದವಳು ಪಕ್ಕದ ಎಸ್ಟೇಟಿನ ಹುಡುಗಿ. ಲೈನ್ ಮನೆಯಲ್ಲಿ ಬೆಳೆದವಳು, ಬಿ.ಎ. ಫೈನಲ್. ಅವಳ ಅವ್ವ ನಮ್ಮ ತೋಟಕ್ಕೂ ಕೊಯ್ಲಿಗೆ ಬಂದಿದ್ದಾರೆ. ಇಷ್ಟೆಲ್ಲ ಹೇಳಿ, ಓದಿ ನೋಡು ಅಂತ ಆ 'ಕಾಂತಾಪುರ' ಕೊಟ್ಟು ಕಳಿಸಿದೆ. ಹದಿನೈದು ದಿನ ಬಿಟ್ಟು ವಾಪಸ್ ತಂದಳು, ಏನೂ ಮಾತಾಡಲಿಲ್ಲ, ಟೀ ಕುಡಿದು ಹೋದಳು. ಸಂಜೆ ಪುಟ ತಿರುವಿದೆ. ಎಸ್ಟೇಟಿನ ಪುಟದಲ್ಲಿ, ನನ್ನ ಹಸಿರು ಪ್ರಶ್ನೆಯ ಕೆಳಗೆ, ಸಣ್ಣ ಅಕ್ಷರದಲ್ಲಿ ಕೆಂಪು ಪೆನ್ನಿನಲ್ಲಿ ಬರೆದಿದ್ದಳು: "ಬುಟ್ಟಿ ಎಣಿಸಲ್ಲ ಅಕ್ಕಾ. ತಕ್ಕಡಿಗೆ ಹಾಕಿ ಕೆಜಿ ನೋಡ್ತಾರೆ. ಬರ್ಕೊಳ್ಳೋದು ರೈಟರ್."